ಬೋರ್ಡಿನಲ್ಲಿ ಬರೆದ ಬಿಸಿಲು

ಬನಶಂಕರಿಯ ಸರ್ಕಾರಿ ಶಾಲೆಯೊಂದರಲ್ಲಿ ಏಳನೇ ತರಗತಿಯ ಹುಡುಗ ಕೇಳಿದ: "ಸರ್, ನಮ್ಮ ಮನೆ ಹತ್ರ ಒಂದು ದೊಡ್ಡ ಕಟ್ಟಡ ಇದೆ. ನೂರಕ್ಕೆ ನೂರು ಸೌರಶಕ್ತಿಯಿಂದ ನಡೆಯುತ್ತೆ ಅಂತ ಬೋರ್ಡ್ ಹಾಕಿದಾರೆ. ಮೇಲೆ ನೋಡಿದ್ರೆ ಒಂದು ಪ್ಯಾನೆಲ್ಲೂ ಇಲ್ಲ. ಸುಳ್ಳಾ ಸರ್?"

ಸುಳ್ಳು ಎಂದು ತಟ್ಟನೆ ಹೇಳಲಾಗದು. ಪೂರ್ತಿ ನಿಜ ಎನ್ನಲೂ ನನಗೆ ಮನಸ್ಸಿಲ್ಲ.

ಮಕ್ಕಳೇ, ನಿಮ್ಮ ಮನೆಯ ಸಂಪನ್ನು ನೆನಪಿಸಿಕೊಳ್ಳಿ. ಕಾವೇರಿ ನೀರೂ ಟ್ಯಾಂಕರ್ ನೀರೂ ಅದರಲ್ಲಿ ಬೆರೆತ ಮೇಲೆ ನಲ್ಲಿಯಲ್ಲಿ ಬಂದದ್ದು ಯಾವುದೆಂದು ಹೇಳಬಲ್ಲಿರಾ? ವಿದ್ಯುತ್ ಕೂಡ ಹಾಗೆಯೇ. ರಾಯಚೂರಿನ ಕಲ್ಲಿದ್ದಲು, ಶರಾವತಿಯ ನೀರು, ಪಾವಗಡದ ಬಿಸಿಲು ಎಲ್ಲವೂ ಒಂದೇ ತಂತಿಜಾಲಕ್ಕೆ ಸೇರುತ್ತವೆ. ಜಯನಗರದ ಫ್ಯಾನಿಗೆ ಬಂದ ವಿದ್ಯುತ್ತಿನ ಮೇಲೆ ಊರಿನ ಹೆಸರು ಇರುವುದಿಲ್ಲ.

ಹಾಗಾದರೆ 'ಸೌರ' ಎಂದು ಮಾರುವುದು ಹೇಗೆ? ಕಾಗದದ ಲೆಕ್ಕದಿಂದ. ವಿದ್ಯುತ್ ವಿತರಿಸುವ ಕಂಪನಿಗಳು ಒಂದು ಪಾಲನ್ನು ಸೂರ್ಯ, ಗಾಳಿಯಂಥ ಮೂಲಗಳಿಂದಲೇ ಪಡೆಯಬೇಕೆಂಬ ನಿಯಮ ನಮ್ಮಲ್ಲಿದೆ. ನೇರವಾಗಿ ಪಡೆಯಲಾಗದವರು ನವೀಕರಿಸಬಹುದಾದ ಇಂಧನದ ಸರ್ಟಿಫಿಕೇಟ್ ಕೊಳ್ಳಬಹುದು. ಭಾರತದಲ್ಲಿ ಈ ವ್ಯವಸ್ಥೆ 2010ರಲ್ಲಿ ಆರಂಭವಾಯಿತು, 2011ರಲ್ಲಿ ವ್ಯಾಪಾರ ಶುರುವಾಯಿತು. ಕೆ.ಆರ್. ಮಾರುಕಟ್ಟೆಯ ಕೂಗಾಟ ಇಲ್ಲಿಲ್ಲ, ಎಲ್ಲವೂ ಕಂಪ್ಯೂಟರಿನಲ್ಲೇ. ಸೌರವಿದ್ಯುತ್ತಿಗೆ ಸಾವಿರ ಯೂನಿಟ್‌ಗೆ ಒಂದು ಸರ್ಟಿಫಿಕೇಟ್. ಬೆಂಗಳೂರಿನ ತಾರಸಿಯ ಮೇಲೆ ಒಂದು ಕಿಲೋವ್ಯಾಟ್‌ನ ಪ್ಯಾನೆಲ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಸಾವಿರ ಯೂನಿಟ್‌ಗೆ ಎಷ್ಟು ದಿನ ಬೇಕೆಂದು ನೀವೇ ಭಾಗಿಸಿ ನೋಡಿ.

ಇಲ್ಲಿ ಒಂದು ಕಟ್ಟುನಿಟ್ಟು ಇದೆ. ಒಂದು ಯೂನಿಟ್ಟನ್ನು ಎರಡು ಸಲ ಎಣಿಸುವಂತಿಲ್ಲ. ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕ್ ಗೊತ್ತಲ್ಲ? ಸುಮಾರು 13,000 ಎಕರೆ, 2050 ಮೆಗಾವ್ಯಾಟ್. ರೈತರು ಭೂಮಿ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಅಂಥ ಸ್ಥಾವರದ ವಿದ್ಯುತ್ತನ್ನು ವಿತರಣಾ ಕಂಪನಿ 'ಸೌರ' ಎಂದೇ ಕೊಂಡು ತನ್ನ ಪಾಲಿನ ಲೆಕ್ಕಕ್ಕೆ ಸೇರಿಸಿಕೊಂಡರೆ, ಅದೇ ಯೂನಿಟ್‌ಗೆ ಮತ್ತೆ ಸರ್ಟಿಫಿಕೇಟ್ ಪಡೆದು ಬೇರೆಯವರಿಗೆ ಮಾರುವಂತಿಲ್ಲ. ಒಮ್ಮೆ ಬಳಸಿದ ಸರ್ಟಿಫಿಕೇಟ್ ಕೂಡ ರದ್ದಾಗುತ್ತದೆ, ಕಂಡಕ್ಟರ್ ಕೊಟ್ಟ ಬಸ್ ಟಿಕೆಟ್‌ನಂತೆ.

ಇಷ್ಟು ಹೇಳಿ ಮುಗಿಸಿದೆನೆಂದುಕೊಂಡೆ. ಹುಡುಗ ಬಿಡಲಿಲ್ಲ. "ಆ ಬೋರ್ಡಿಗೆ ರಾತ್ರಿಯೆಲ್ಲಾ ಲೈಟ್ ಇರುತ್ತೆ ಸರ್!"

ಅವನು ಹಿಡಿದದ್ದು ದೊಡ್ಡ ತಪ್ಪನ್ನೇ. ಸರ್ಟಿಫಿಕೇಟಿನಲ್ಲಿ ಸಾವಿರ ಯೂನಿಟ್ ಎಂಬ ಲೆಕ್ಕವಿದೆ, ಯಾವ ಗಂಟೆಯದೆಂಬ ಲೆಕ್ಕವಿಲ್ಲ. ಮಧ್ಯಾಹ್ನದ ಬಿಸಿಲನ್ನು ಕಾಗದದಲ್ಲಿ ಕೊಂಡು, ರಾತ್ರಿ ಕಲ್ಲಿದ್ದಲಿನ ವಿದ್ಯುತ್ ಉರಿಸಿದರೂ 'ನೂರಕ್ಕೆ ನೂರು' ಎನ್ನಬಹುದು. ಬೆಳಿಗ್ಗೆ ಹಾಜರಿ ಹಾಕಿ ಮಧ್ಯಾಹ್ನ ಮನೆಗೆ ಓಡುವವನನ್ನು ನಾವು ಪೂರ್ತಿ ದಿನ ಶಾಲೆಯಲ್ಲಿದ್ದ ಎನ್ನುತ್ತೇವೆಯೇ?

ಆದ್ದರಿಂದ ಸರ್ಟಿಫಿಕೇಟಿನಲ್ಲಿ ಗಂಟೆಯನ್ನೂ ಬರೆಯಬೇಕೆಂಬುದು ನನ್ನ ಅಭಿಪ್ರಾಯ. ಲೆಕ್ಕ ಜಟಿಲವಾಗುತ್ತದೆ, ಖರ್ಚು ಏರುತ್ತದೆ ಎನ್ನುವವರಿದ್ದಾರೆ. ಖರ್ಚಿನ ಮಾತು ನಿಜ. ಆದರೆ ಹದಿನೈದು ನಿಮಿಷಕ್ಕೊಮ್ಮೆ ಅಳೆದು ಬರೆದಿಡುವ ಮೀಟರ್‌ಗಳು ಈಗಾಗಲೇ ಇವೆ. ರಾತ್ರಿಯ ಯೂನಿಟ್‌ಗೆ ಬೇರೆ ಬೆಲೆ ಬಂದರೆ ಹಗಲಿನ ಬಿಸಿಲನ್ನು ಕೂಡಿಡುವವರಿಗೆ ಕೆಲಸ ಸಿಗುತ್ತದೆ. ದೊಡ್ಡ ಬ್ಯಾಟರಿಯಲ್ಲಿ ಕೂಡಿಡಬಹುದು. ಇಲ್ಲವೇ ಹಗಲು ನೀರನ್ನು ಮೇಲಿನ ಜಲಾಶಯಕ್ಕೆ ಪಂಪ್ ಮಾಡಿ, ಕತ್ತಲಾದ ಮೇಲೆ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸಬಹುದು. ಶರಾವತಿ ಕಣಿವೆಯಲ್ಲಿ ಇಂಥ 2000 ಮೆಗಾವ್ಯಾಟ್ ಯೋಜನೆ ರೂಪಿಸಿದ್ದಾರೆ. ಕಾಡು ನಾಶವಾಗುತ್ತದೆಂದು ಅದಕ್ಕೆ ವಿರೋಧವೂ ಇದೆ. ಅದು ಇನ್ನೊಂದು ದಿನದ ಪಾಠ.

ಆ ಬೋರ್ಡನ್ನು ಬರೆಯಲು ನನಗೆ ಹೇಳಿದ್ದರೆ ಹೀಗೆ ಬರೆಯುತ್ತಿದ್ದೆ: 'ನಾವು ವರ್ಷದಲ್ಲಿ ಬಳಸಿದಷ್ಟೇ ಸೌರವಿದ್ಯುತ್ತಿನ ಸರ್ಟಿಫಿಕೇಟ್ ಕೊಂಡಿದ್ದೇವೆ. ರಾತ್ರಿಯ ದೀಪ ಎಲ್ಲರ ತಂತಿಯದು.' ಹುಡುಗನಿಗೆ ಇದನ್ನು ಓದಿ ಹೇಳಿದೆ. "ಇಷ್ಟುದ್ದ ಬೋರ್ಡು ಯಾರು ಓದ್ತಾರೆ ಸರ್?" ಎಂದ.