ನೆರೆ ಇಳಿದ ಮೇಲೆ ಉಳಿಯುವವರು ಯಾರು?

ಭೀಮಾ ಉಕ್ಕಿತೆಂದರೆ ಇಂಡಿ, ಸಿಂದಗಿ ಕಡೆಗೆ ಟೆಂಪೋಗಳ ಸಾಲು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಹಳೇ ಸೀರೆ, ಮುಂದೊಂದು ಬ್ಯಾನರು. 2020ರ ಅಕ್ಟೋಬರಿನ ನೆರೆಯಾಯಿತು, 2025ರ ಸೆಪ್ಟೆಂಬರಿನದೂ ಆಯಿತು. ನೀರು ಇಳಿದ ಹದಿನೈದು ದಿನಕ್ಕೆ ಟೆಂಪೋನೂ ಇಲ್ಲ, ಬ್ಯಾನರೂ ಇಲ್ಲ. ಮನೆಯೊಳಗಿನ ರಾಡಿ ಮಾತ್ರ ಮನೆಯವರ ಪಾಲಿಗೆ!

ನಮ್ಮ ಜಿಲ್ಲೆಯ ನೆರೆಯೂ ವಿಚಿತ್ರ. ಮಳೆ ಮಹಾರಾಷ್ಟ್ರದಲ್ಲಿ, ಗೇಟು ಉಜನಿಯಲ್ಲಿ, ಮುಳುಗುವ ಕಬ್ಬು ಇಂಡಿಯಲ್ಲಿ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಕೃಷ್ಣೆ ಒಂದು, ಡೋಣಿ ಇನ್ನೊಂದು. ಅಲ್ಲಿಯವರಿಗೆ ಪುನರ್ವಸತಿ ಎಂಬ ಶಬ್ದ ಹೊಸದಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರನ್ನು ಕೇಳಿದರೆ ಸಾಕು, ಹಕ್ಕುಪತ್ರದ ಕಥೆಯಿಂದಲೇ ಶುರು ಮಾಡುತ್ತಾರೆ.

2009ರ ಸೆಪ್ಟೆಂಬರ್ ಕೊನೆಗೆ ಸುರಿದ ಮಳೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜೀವ ತೆಗೆಯಿತು. ಮಣ್ಣಿನ ಮಾಳಿಗೆಗಳು ನೆನೆದು ಕುಸಿದವು. ಆಗ ಸರಕಾರ ತಂದದ್ದು 'ಆಸರೆ'. ಮನೆ ಕಟ್ಟುವುದರಲ್ಲಿ ದಾನಿಗಳಿಗೂ ಪಾಲು. ಮಠಗಳು ಬಂದವು, ಕಂಪನಿಗಳು ಬಂದವು. ಚರ್ಚುಗಳ ಕಡೆಯಿಂದ 1947ರಷ್ಟು ಹಳೆಯ 'ಕಾಸಾ', ಕೆಥೋಲಿಕರ 'ಕಾರಿತಾಸ್ ಇಂಡಿಯಾ' ಮುಂತಾದವು ಉತ್ತರ ಕರ್ನಾಟಕದ ನೆರೆ ಪರಿಹಾರಕ್ಕೆ ಕೈ ಹಾಕಿದವು.

ಮನೆ ಎದ್ದವು, ಸರಿ. ಆದರೆ ಎಷ್ಟೋ ಕಡೆ ಜನ ಹೋಗಲೇ ಇಲ್ಲ. ಯಾಕೆ? ಎತ್ತು ಕಟ್ಟಲು ಜಾಗವಿಲ್ಲ, ಹಗೇವು ಇಲ್ಲ, ಹೊಲ ದೂರ, ನೀರಿನ ನಳ ಬರಲಿಲ್ಲ. ಕಟ್ಟುವ ಮುಂಚೆ ಮನೆಯಾಕೆಯನ್ನು ಒಂದು ಮಾತು ಕೇಳಿದ್ದರೆ ಇಷ್ಟು ಸಿಮೆಂಟು ಹಾಳಾಗುತ್ತಿರಲಿಲ್ಲ.

ಕೇಳುವ ಕೆಲಸಕ್ಕೆ ಊರಲ್ಲಿ ಇರುವವರು ಬೇಕು. ಗುಲಬರ್ಗಾ ಧರ್ಮಪ್ರಾಂತ 2005ರಲ್ಲಿ ಆದದ್ದು, ವಿಜಯಪುರವೂ ಅದರಲ್ಲಿದೆ. ಜಿಲ್ಲೆಯಲ್ಲಿ ಕ್ರೈಸ್ತರು ಬೆರಳೆಣಿಕೆ. ಹಾಗಾಗಿ ಚರ್ಚಿನ ಶಾಲೆ, ದವಾಖಾನೆಗೆ ಬರುವವರು ಬಹುಪಾಲು ಬೇರೆಯವರೇ. ಕೆಲವರಿಗೆ ಅನುಮಾನ ಉಂಟು. ಆದರೆ ಮಠದ ದಾಸೋಹಕ್ಕೆ ಕೂತವನ ಜಾತಿ ಕೇಳದ ನಾಡಿನಲ್ಲಿ ಇದನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ಊಟ ಕೊಟ್ಟು ಏನು ಕೇಳಿದರು, ಅಷ್ಟೇ ನೋಡುವುದು.

ಇನ್ನು ಕಾಗದದ ಕಾಟ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದಿತು ಸರಕಾರ. ಕೊಟ್ಟದ್ದು ಕಂತಿನಲ್ಲಿ. ಬುನಾದಿಗೊಂದು ಫೋಟೋ, ಗೋಡೆಗೊಂದು ಫೋಟೋ. ಫೋಟೋ ಏರದಿದ್ದರೆ ಕಂತು ಇಳಿಯುವುದಿಲ್ಲ. ಓದು ಬಾರದ ಮುದುಕಿ ಯಾರ ಹಿಂದೆ ಅಲೆಯಬೇಕು? ಕೋರಿಗೆ ಹೊಲ ಮಾಡಿದವನಿಗಂತೂ ಬೆಳೆ ಪರಿಹಾರವೇ ದೂರದ ಮಾತು, ಉತಾರದಲ್ಲಿ ಹೆಸರು ಧಣಿಯದು. ತಹಶೀಲದಾರ ಕಚೇರಿಗೆ ಹತ್ತು ಸಲ ಜತೆಗೆ ಹೋಗುವ ಒಬ್ಬ ಸ್ವಯಂಸೇವಕ ಇಂಥ ಕಡೆ ನೂರು ಚೀಲ ಅಕ್ಕಿಗಿಂತ ಮೇಲು. ಅವನ ಫೋಟೋ ಪೇಪರಿನಲ್ಲಿ ಬರುವುದಿಲ್ಲ, ಆ ಮಾತು ಬೇರೆ.

2025ರ ನೆರೆ ಬಂದದ್ದು ಹಿಂಗಾರಿ ಜೋಳದ ಹಂಗಾಮಿಗೇ. ಎರಿಹೊಲ ಆರುವುದರೊಳಗೆ ಬೀಜ ಕೈಗೆ ಸಿಗಬೇಕು, ನದಿದಂಡೆಯಲ್ಲಿ ಮುಳುಗಿದ ಮೋಟರು ರಿಪೇರಿಯಾಗಬೇಕು. ಆ ಹೊತ್ತಿಗೆ ಊರಿಗೆ ಬಂದಿಳಿಯುವುದು ಮಾತ್ರ ಮತ್ತೊಂದು ಗಂಟು ಹಳೇ ಸೀರೆ.