ಹದಿಮೂರು ಸೆಕೆಂಡಿನ ಸಂಕಟ

ಫುಟ್‌ಬಾಲ್ ಅಂದ ಕೂಡಲೇ ಪುಟ ತಿರುಗಿಸಿಬಿಡಬೇಡಿ, ಸೋದರಿಯರೇ! ಚಕ್ಕುಲಿಯ ಅಳತೆ ಮುಂದಿನ ಸಲ ಖಂಡಿತ ಕೊಡ್ತೀನಿ. ಈ ಸಲ 2022ರ ಜನವರಿ 22 ಮತ್ತು 23ರಂದು, ಅರ್ಧ ಒಲೆಯ ಮುಂದೆ, ಅರ್ಧ ಟಿ.ವಿ.ಯ ಮುಂದೆ ನಿಂತು ನೋಡಿದ ನಾಲ್ಕು ಪಂದ್ಯಗಳ ವಿಷಯ.

ಮದುವೆಯಾಗಿ ಬಫಲೋ ಊರಿಗೆ ಬಂದಾಗ ನನಗೆ ಗೊತ್ತಿದ್ದದ್ದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಮಾತ್ರ. ಇಲ್ಲಿಯದು ಬೇರೆ. ಚೆಂಡು ಸುಲಿದ ತೆಂಗಿನಕಾಯಿಯ ಹಾಗೆ ಉದ್ದುದ್ದ, ಕೈಗೇ ಹೆಚ್ಚು ಕೆಲಸ. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಆಗದಿದ್ದರೆ ಕಂಬಗಳ ನಡುವೆ ಒದ್ದು ಮೂರು ಅಂಕ. ಇಷ್ಟನ್ನು ನನಗೆ ಕಲಿಸಿದವರು ಪಕ್ಕದ ಮನೆಯ ಅಜ್ಜಿ. ನಾನು ಅವರಿಗೆ ಉಪ್ಪಿಟ್ಟು ಕಲಿಸಿದೆ. ಹಿಮ ಬಿದ್ದು ಬಾಗಿಲೇ ತೆಗೆಯಲಾಗದ ಊರಿನಲ್ಲಿ ನನಗೆ ಅವರೇ ತವರುಮನೆ ಅನ್ನಿ.

ನಮ್ಮೂರ ತಂಡ ಬಿಲ್ಸ್. 1991ರಿಂದ 1994ರವರೆಗೆ ಸತತ ನಾಲ್ಕು ಬಾರಿ ಸೂಪರ್ ಬೌಲ್ ಅನ್ನುವ ಫೈನಲ್ ತಲುಪಿ, ನಾಲ್ಕರಲ್ಲೂ ಸೋತ ತಂಡ! ಮೊದಲನೆಯದು ಒಂದೇ ಅಂಕದಿಂದ. ಕೊನೆಯಲ್ಲಿ ಒದ್ದ ಚೆಂಡು ಕಂಬದ ಬಲಕ್ಕೆ ಹೋಯಿತು. ಒಮ್ಮೆಯಾದರೂ ಇವರು ಗೆದ್ದದ್ದನ್ನು ನೋಡಿ ಕಣ್ಣು ಮುಚ್ಚಬೇಕು ಅನ್ನೋದು ಅಜ್ಜಿಯ ಆಸೆ. ಆ ಜನವರಿಯಲ್ಲಿ ಅವರು ವೃದ್ಧಾಶ್ರಮದಲ್ಲಿದ್ದರು, ಎದೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ನನಗೆ ಕೆಮ್ಮು. ಕೊರೋನಾ ಕಾಲ ಬೇರೆ, ಹೋಗೋ ಹಾಗಿಲ್ಲ. ಸರಿ, ಫೋನಿನಲ್ಲೇ ಜೊತೆಯಾಗಿ ನೋಡುವುದೆಂದು ಮಾತಾಯಿತು.

ಶನಿವಾರ ಟೆನೆಸ್ಸಿ ತಂಡದವರು ಸಿನ್ಸಿನಾಟಿಯ ಬರೋ ಎಂಬ ಹುಡುಗನನ್ನು ಒಂಬತ್ತು ಸಲ ನೆಲಕ್ಕೆ ಕೆಡವಿದರು. ಆದರೂ ಗೆದ್ದದ್ದು ಸಿನ್ಸಿನಾಟಿ, 19–16, ಕೊನೆಯ ಒದೆತದಲ್ಲಿ. ರಾತ್ರಿ ಗ್ರೀನ್ ಬೇಯ ಹಿಮದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ 13–10, ಅದೂ ಕೊನೆಯ ಒದೆತ. ಭಾನುವಾರ ಟ್ಯಾಂಪಾದಲ್ಲಿ 27–3ರಿಂದ ಹಿಂದಿದ್ದ ಟಾಮ್ ಬ್ರೇಡಿ ತಂಡ ಸಮ ಮಾಡಿಕೊಂಡಿತು. ಲಾಸ್ ಏಂಜಲೀಸ್‌ನವರು ಮತ್ತೆ ಕೊನೆಯ ಒದೆತದಲ್ಲೇ 30–27 ಮಾಡಿಬಿಟ್ಟರು. ನಮ್ಮವರಂತೂ “ಮೂರೂ ಒಂದೇ ಕತೆಗಾರ ಬರೆದ ಹಾಗಿದೆ” ಅಂದರು.

ಆಮೇಲೆ ನಮ್ಮದು, ಕಾನ್ಸಾಸ್ ಸಿಟಿಯಲ್ಲಿ. ಹಿಂದಿನ ವರ್ಷವೂ ಅಲ್ಲೇ, ಅವರ ಕೈಯಲ್ಲೇ ಸೋತಿದ್ದೆವು. ನಾನು ಹೂಕೋಸಿನ ಬಜ್ಜಿ ಕರಿಯುತ್ತಿದ್ದೆ. ಕೊನೆಯ ಎರಡು ನಿಮಿಷ ಬಂದಾಗ ಒಲೆ ಆರಿಸಿಬಿಟ್ಟೆ. ಆ ಎರಡು ನಿಮಿಷದಲ್ಲೇ ಇಬ್ಬರೂ ಸೇರಿ 25 ಅಂಕ, ನಂಬ್ತೀರಾ? ನಮ್ಮ ಜೋಶ್ ಆಲೆನ್ ಎಸೆದ, ಗೇಬ್ರಿಯಲ್ ಡೇವಿಸ್ ಹಿಡಿದ, ನಾವು ಮುಂದೆ. ಅವರ ಹಿಲ್ 64 ಗಜ ಓಡಿ ಅವರು ಮುಂದೆ. ಮತ್ತೆ ಡೇವಿಸ್, ಅವನಿಗೆ ಅದು ನಾಲ್ಕನೇ ಟಚ್‌ಡೌನ್! 36–33. ಉಳಿದದ್ದು ಹದಿಮೂರೇ ಸೆಕೆಂಡು. ಫೋನಿನಲ್ಲಿ ಅಜ್ಜಿ ಅಳುತ್ತಿದ್ದರು, ನಾನೂ.

ಒಂದು ಒಗ್ಗರಣೆ ಸಿಡಿಯುವಷ್ಟು ಹೊತ್ತು, ಅಷ್ಟೇ. ನಮ್ಮವರು ಚೆಂಡನ್ನು ಮೈದಾನದ ಕೊನೆ ದಾಟುವ ಹಾಗೆ ಒದ್ದರು. ಗಡಿಯಾರ ಓಡಲೇ ಇಲ್ಲ! ಗಿಡ್ಡಕ್ಕೆ ಒದ್ದಿದ್ದರೆ ಹಿಡಿದು ಓಡುವುದರಲ್ಲೇ ನಾಲ್ಕೈದು ಸೆಕೆಂಡು ಕಳೆಯುತ್ತಿತ್ತಲ್ಲ? ಇದು ನನ್ನಂಥ ಅಡುಗೆಮನೆಯವಳಿಗೂ ಹೊಳೆಯಿತು ನೋಡಿ. ಮಹೋಮ್ಸ್ ಎರಡೇ ಎಸೆತದಲ್ಲಿ 44 ಗಜ ನುಂಗಿದ; ಒದೆತ ಬಿತ್ತು; 36–36.

ಹೆಚ್ಚುವರಿ ಆಟಕ್ಕೆ ನಾಣ್ಯ ಚಿಮ್ಮಿದರು, ಅವರಿಗೆ ಬಿತ್ತು. ಮೊದಲು ಆಡಿದವರು ಟಚ್‌ಡೌನ್ ಮಾಡಿದರೆ ಆಟ ಮುಗಿದಂತೆ, ಎದುರಿನವರಿಗೆ ಚೆಂಡೇ ಇಲ್ಲ ಅನ್ನೋದು ಆಗಿನ ನಿಯಮ. ಚೌಕಾಬಾರದಲ್ಲಿ ಕವಡೆ ಕೈಗೆ ಕೊಡದೆ ಸೋತೆ ಅಂದರೆ ನೀವು ಸುಮ್ಮನಿರ್ತೀರಾ? 42–36. ಆಲೆನ್ ಅಂಚಿನಲ್ಲಿ ನಿಂತು ನೋಡಿದ. ಪಾಪ, ಕಾನ್ಸಾಸ್‌ನವರೂ 2019ರಲ್ಲಿ ಇದೇ ನಿಯಮದಿಂದ ಸೋತವರೇ. ಆದರೂ ಆ ರಾತ್ರಿ ನನಗೆ ಅವರ ಮೇಲೆ ಕನಿಕರವೇನೂ ಬರಲಿಲ್ಲ. ಮರುವಾರ ಅವರು ಮತ್ತೆ ನಾಣ್ಯ ಗೆದ್ದೂ ಸಿನ್ಸಿನಾಟಿಗೆ ಸೋತರು. ಆಗ ಸ್ವಲ್ಪ ಪಾಯಸ ಮಾಡಿದ್ದು ನಿಜ.

ಫೋನಿನಲ್ಲಿ ಬಹಳ ಹೊತ್ತು ಮಾತಿಲ್ಲ. ಕೊನೆಗೆ ಅಜ್ಜಿಯೇ, “ನಿನ್ನ ಬಜ್ಜಿ ಆರಿಹೋಗಿರತ್ತೆ, ಹೋಗು ಮಗು, ತಿನ್ನು” ಅಂದರು.

ಮಾರ್ಚ್ ಕೊನೆಯಲ್ಲಿ ನಿಯಮ ಬದಲಾಯಿತು, ಪ್ಲೇಆಫ್‌ನಲ್ಲಿ ಇಬ್ಬರಿಗೂ ಒಂದೊಂದು ಅವಕಾಶ. ಹೇಳೋಣವೆಂದು ಓಡಿಹೋದೆ. ಕಿಟಕಿಯ ಪಕ್ಕ ಕುಳಿತಿದ್ದರು. “ಎರಡು ತಿಂಗಳು ತಡವಾಯ್ತು” ಅಂದು ನಕ್ಕರು. ಮುಂದಿನ ಸೀಸನ್ ಶುರುವಾಗುವ ವೇಳೆಗೆ ಅವರಿರಲಿಲ್ಲ.

ಅವರ ನೀಲಿ ಉಲ್ಲನ್ ಟೋಪಿಯನ್ನು ಮಗಳು ನನಗೆ ಕೊಟ್ಟಳು. ಅಡುಗೆಮನೆಯ ಮೊಳೆಗೆ ನೇತುಹಾಕಿದ್ದೇನೆ. ಎಣ್ಣೆ ಹೊಗೆ ತಾಗಿ ಕೆಡುತ್ತೆ, ಒಳಗಿಡು ಅಂತ ನಮ್ಮವರು ಹೇಳ್ತಾನೇ ಇರ್ತಾರೆ. ಅಲ್ಲಿಂದಲೇ ಟಿ.ವಿ. ಚೆನ್ನಾಗಿ ಕಾಣೋದು.