ಗಿರಾಕಿ ಹುಡುಕೋ ಮಾತು ನಿಮ್ಮ ಪುಟದಲ್ಲಿದೆಯಾ?

"ವೆಬ್‌ಸೈಟ್ ಮಾಡಿಸಿದ್ದೀವಿ, ಆದ್ರೆ ಗೂಗಲ್‌ನಲ್ಲಿ ಹುಡುಕಿದ್ರೆ ಬರೋದೇ ಇಲ್ಲ." ಮಂಡ್ಯ ಕಡೆಯ ಸಣ್ಣ ವ್ಯಾಪಾರಿಗಳಿಂದ ನಾನು ಮತ್ತೆ ಮತ್ತೆ ಕೇಳುವ ಮಾತಿದು. ಅವರ ಪುಟ ತೆರೆದರೆ ಮೊದಲ ಸಾಲು ಹೆಚ್ಚಾಗಿ ಹೀಗಿರುತ್ತೆ: 'ಗುಣಮಟ್ಟವೇ ನಮ್ಮ ಧ್ಯೇಯ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ.' ಓದೋಕೆ ಚೆಂದ. ಆದರೆ ಬೆಲ್ಲ ಬೇಕಾದವರು ಯಾರೂ 'ಗ್ರಾಹಕರ ತೃಪ್ತಿ' ಅಂತ ಹುಡುಕಲ್ಲ.

ಕೀವರ್ಡ್ ಅಂದರೆ ಗಿರಾಕಿ ಫೋನಿನಲ್ಲಿ ಟೈಪ್ ಮಾಡುವ, ಅಥವಾ ಬಾಯಲ್ಲೇ ಹೇಳಿ ಹುಡುಕುವ ಮಾತು. ಅದು ನಮ್ಮ ಮಾತಲ್ಲ, ಅವರ ಮಾತು. ಎಡವೋದು ಇಲ್ಲೇ.

ಮಳವಳ್ಳಿ ಕಡೆ ಹೋಂಸ್ಟೇ ನಡೆಸುತ್ತಿದ್ದೀರಿ ಅಂದ್ಕೊಳ್ಳಿ. ಗಗನಚುಕ್ಕಿ ಇರೋದು ಮಳವಳ್ಳಿ ತಾಲ್ಲೂಕಲ್ಲೇ. ಆದರೆ ಬೆಂಗಳೂರಿನಿಂದ ಶನಿವಾರ ಹೊರಡುವವರಿಗೆ ಗೊತ್ತಿರುವ ಹೆಸರು ಶಿವನಸಮುದ್ರ. ಬರೀ 'ಮಳವಳ್ಳಿ ಹೋಂಸ್ಟೇ' ಅಂತ ಬರೆದರೆ ಅವರಿಗೆ ನೀವು ಸಿಗೋದು ಕಷ್ಟ. 'ಶಿವನಸಮುದ್ರ ಗಗನಚುಕ್ಕಿ ಜಲಪಾತದ ಹತ್ತಿರ ಹೋಂಸ್ಟೇ, ಮಳವಳ್ಳಿ' ಅಂದರೆ ಇಬ್ಬರಿಗೂ ದಾರಿ ಸಿಗುತ್ತೆ.

ಇನ್ನು ಮದ್ದೂರು ವಡೆ. ಬರೀ ಆ ಎರಡು ಪದ ಹಾಕಿ ಹುಡುಕುವವರಲ್ಲಿ ಮನೆಯಲ್ಲೇ ಮಾಡೋಕೆ ರೆಸಿಪಿ ಬೇಕಾದವರೂ ಇರ್ತಾರೆ. ನೀವು ಮಾರುವವರಾದರೆ ನಿಮಗೆ ಬೇಕಾದ ಗಿರಾಕಿ ಕೇಳೋದೇ ಬೇರೆ: 'ಮದ್ದೂರು ವಡೆ ಆನ್‌ಲೈನ್ ಆರ್ಡರ್', 'ಎಷ್ಟು ದಿನ ಇಡಬಹುದು'. ಪದದ ಹಿಂದಿನ ಉದ್ದೇಶ ಹಿಡಿದು, ಅದಕ್ಕೆ ಉತ್ತರ ಬರೆಯಿರಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ನಮ್ಮ ಪದಗಳು ಪ್ರತ್ಯಯ ಸೇರಿದಾಗ ರೂಪ ಬದಲಿಸುತ್ತವೆ: ಮದ್ದೂರು, ಮದ್ದೂರಿನ, ಮದ್ದೂರಿಗೆ. ಹುಡುಕುವವರು ಮಾತ್ರ ಹೆಚ್ಚಾಗಿ ಮೂಲ ಪದವನ್ನೇ ಹಾಕ್ತಾರೆ. ಹಾಗಾಗಿ ಶೀರ್ಷಿಕೆಯಲ್ಲಿ, ಮೊದಲ ಪ್ಯಾರಾದಲ್ಲಿ ಮೂಲ ರೂಪ ಇರಲಿ. ಉಪಶೀರ್ಷಿಕೆ ಮತ್ತು ಫೋಟೋದ ವಿವರಣೆಯಲ್ಲಿ ಸಹಜವಾಗಿ ಬಂದರೆ ಸಾಕು. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರೂ ಇದ್ದಾರೆ, ಅದೂ ಒಂದು ಕಡೆ ಇರಲಿ.

ಹಾಗಂತ ಒಂದೇ ಪದವನ್ನು ಇಪ್ಪತ್ತು ಸಲ ತುರುಕಬೇಡಿ. ಗೂಗಲ್ ಅದನ್ನು ಸ್ಪ್ಯಾಮ್ ಅಂತಲೇ ಪರಿಗಣಿಸುತ್ತೆ. ಪುಟದ ಕೋಡ್‌ನಲ್ಲಿ ಅಡಗಿಸಿಡುವ 'ಮೆಟಾ ಕೀವರ್ಡ್ಸ್' ಪಟ್ಟಿಯನ್ನು ರ‍್ಯಾಂಕಿಂಗ್‌ಗೆ ಬಳಸಲ್ಲ ಅಂತ 2009ರಲ್ಲೇ ಅದು ಹೇಳಿಬಿಟ್ಟಿದೆ. ಆ ಪಟ್ಟಿಗೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಆಲೆಮನೆಯವರ ವಿಷಯ. 'ಸಾವಯವ ಬೆಲ್ಲ' ಅನ್ನೋ ಪದಕ್ಕೆ ಈಗ ಬೇಡಿಕೆ ಇದೆ ಅಂತ ಎಲ್ಲರೂ ಅದನ್ನೇ ಹಾಕೋಣ ಅಂತಾರೆ. ಬೆಲ್ಲಕ್ಕೆ ಬಿಳುಪು ಬರಲೆಂದು ಬಳಸುವ ಹೈಡ್ರೋಸ್ ಹಾಕದಿದ್ದರೆ ಒಳ್ಳೆಯದೇ. ಆದರೆ ಅಷ್ಟರಿಂದಲೇ ಅದು ಸಾವಯವ ಆಗಲ್ಲ. ಸಾವಯವ ಶುರುವಾಗೋದು ಕಬ್ಬಿನ ಗದ್ದೆಯಲ್ಲಿ, ಗೊಬ್ಬರ ಮತ್ತು ಔಷಧಿಯಿಂದ. 2017ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಆ ಹೆಸರಲ್ಲಿ ಮಾರೋಕೆ ಸಾಮಾನ್ಯವಾಗಿ ಪ್ರಮಾಣೀಕರಣ ಬೇಕು, ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ಬೆಳೆಗಾರರಿಗೆ ಮಾತ್ರ ವಿನಾಯಿತಿ ಇದೆ. ಗದ್ದೆಗೆ ರಾಸಾಯನಿಕ ಹಾಕಿದ್ದರೆ 'ಹೈಡ್ರೋಸ್ ಹಾಕದ ಮಂಡ್ಯ ಬೆಲ್ಲ' ಅಂತಲೇ ಬರೆಯಿರಿ. ಬಣ್ಣ ಯಾಕೆ ಕಂದು ಅಂತಲೂ ಎರಡು ಸಾಲು ವಿವರಿಸಿ. ಮಗುವಿಗೆ ಕೊಡೋಕೆ ಅಂತ ಬೆಲ್ಲ ಹುಡುಕುವ ತಾಯಿ ಆ ಪದ ನಂಬಿ ದುಡ್ಡು ಕೊಡ್ತಾಳೆ. ಕೀವರ್ಡ್ ಅನ್ನೋದು ನಾವು ಕೊಡುವ ಮಾತು ಕೂಡ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಐದು ಜನ ಗಿರಾಕಿಗಳಿಗೆ ಫೋನ್ ಮಾಡಿ, "ನಮ್ಮಂಥವರನ್ನ ಹುಡುಕೋಕೆ ಏನಂತ ಟೈಪ್ ಮಾಡ್ತೀರಾ?" ಅಂತ ಕೇಳಿ. ಉಚಿತವಾಗಿ ಸಿಗುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಜನ ಯಾವ ಪದದಿಂದ ನಿಮ್ಮ ಪುಟಕ್ಕೆ ಬಂದರು ಅಂತ ನೋಡಿ. ಎರಡೂ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿ ನಿಜವಾದವನ್ನಷ್ಟೇ ಆರಿಸಿ, ಮೊದಲ ಸಾಲು ಹೊಸದಾಗಿ ಬರೆಯಿರಿ.